ಮಾಹಿತಿ ಸಮರ ಮತ್ತು ಆಕರ ವಿಮರ್ಶೆ: 1983ರಿಂದ 2022ರವರೆಗಿನ ಕೆಲವು ಪ್ರಸಂಗಗಳು

ಕರ್ನಾಟಕದ ಇತಿಹಾಸ ಸಂಶೋಧನೆಗೆ ಸುಳ್ಳು ಆಕರಗಳ ಸಮಸ್ಯೆ ಹೊಸದೇನಲ್ಲ. ಗಂಗ ಅರಸರ ಹೆಸರಿನಲ್ಲಿ ದೊರೆತ ತಾಮ್ರಪಟಗಳಲ್ಲಿ ಹಲವನ್ನು ಜೆ.ಎಫ್. ಫ್ಲೀಟ್ ಅವರು ಕೂಟಶಾಸನಗಳೆಂದು ತಳ್ಳಿಹಾಕಿದರು; ಬಿ.ಎಲ್. ರೈಸ್ ಅವರು ಅವುಗಳ ಪರವಾಗಿ ವಾದಿಸಿದರು. ಲಿಪಿ ಸೂಚಿಸುವ ಕಾಲಕ್ಕೂ ಪಾಠ ಹೇಳುವ ಕಾಲಕ್ಕೂ ಹೊಂದಾಣಿಕೆ ಇದೆಯೇ, ತಿಥಿ ವಾರಗಳು ಗಣಿತಕ್ಕೆ ತಾಳೆಯಾಗುತ್ತವೆಯೇ, ವಂಶಾವಳಿಗೆ ಇತರ ಶಾಸನಗಳ ಬೆಂಬಲವಿದೆಯೇ, ದತ್ತಿಯ ಭೂಮಿಯಿಂದ ಪ್ರಯೋಜನ ಪಡೆದವರು ಯಾರು ಎಂಬ ಪ್ರಶ್ನೆಗಳು ಆ ವಿವಾದದ ಮೂಲಕ ನಮ್ಮ ಸಂಶೋಧನೆಯಲ್ಲಿ ನೆಲೆಗೊಂಡವು. ಕೂಟಶಾಸನ ರಚಿಸುವವರಿಗೆ ಮನುಸ್ಮೃತಿಯು ವಧೆಯ ಶಿಕ್ಷೆಯನ್ನು ವಿಧಿಸಿರುವುದನ್ನು ಗಮನಿಸಿದರೆ, ರಾಜಮುದ್ರೆಯ ನಂಬಿಕೆಯನ್ನು ಕದಿಯುವ ಈ ಅಪರಾಧ ಬಹು ಪ್ರಾಚೀನವಾದುದೆಂದು ತಿಳಿಯುತ್ತದೆ.

ಇಂದು ‘ಮಾಹಿತಿ ಸಮರ’ ಎಂದು ಕರೆಯಲಾಗುವ ವಿದ್ಯಮಾನವನ್ನು ಹೆಚ್ಚಾಗಿ ರಕ್ಷಣಾ ತಜ್ಞರೂ ಗಣಕ ತಂತ್ರಜ್ಞರೂ ಚರ್ಚಿಸುತ್ತಾರೆ. ಇದರಲ್ಲಿ ಎರಡು ಬಗೆಗಳಿವೆ. ಗಣಕಯಂತ್ರಗಳಿಗೂ ಅವುಗಳ ಜಾಲಕ್ಕೂ ಕನ್ನ ಹಾಕುವುದು ಅಥವಾ ಅವುಗಳನ್ನು ಸ್ಥಗಿತಗೊಳಿಸುವುದು ಒಂದು ಬಗೆ. ಇದನ್ನು ಸೈಬರ್ ದಾಳಿ ಎನ್ನುತ್ತಾರೆ. ತಿಳಿದೂ ತಿಳಿದೂ ಸುಳ್ಳನ್ನು ಸೃಷ್ಟಿಸಿ ಜನರ ನಡುವೆ ಬಿತ್ತುವುದು ಇನ್ನೊಂದು ಬಗೆ. ಮೊದಲನೆಯದರ ಗುರಿ ಯಂತ್ರ, ಎರಡನೆಯದರ ಗುರಿ ಜನರ ತೀರ್ಮಾನಶಕ್ತಿ. ಎರಡೂ ಒಂದಕ್ಕೊಂದು ನೆರವಾಗುವುದು ಈಚಿನ ಬೆಳವಣಿಗೆ.

1983ರಿಂದ 2022ರವರೆಗಿನ ಐದು ಪ್ರಸಂಗಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿ ಒಂದು ಅಭಿಪ್ರಾಯವನ್ನು ಮಂಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಸುಳ್ಳು ಮಾಹಿತಿಗೆ ಸ್ವಂತ ಬಲವಿರುವುದಿಲ್ಲ. ಅದು ಬೇರೆಲ್ಲೋ ಗಳಿಸಲಾದ ನಂಬಿಕೆಯನ್ನು ಎರವಲು ಪಡೆಯುತ್ತದೆ ಮತ್ತು ನಿಜವಾಗಿ ಆಗಿರುವ ಒಂದು ಗಾಯದ ಮೇಲೆ ಕೂರುತ್ತದೆ. ಉಪಕರಣಗಳು ಬದಲಾದರೂ ಈ ಎರಡು ಲಕ್ಷಣಗಳು ಬದಲಾಗಿಲ್ಲ. ಆದ್ದರಿಂದಲೇ ಇತಿಹಾಸಕಾರರ ಆಕರ ವಿಮರ್ಶೆಗೆ ಇಲ್ಲಿ ನೇರವಾದ ಪಾತ್ರವಿದೆ.

ಪತ್ರಿಕೆಯ ನಂಬಿಕೆ: 1983–1992

ಅಂತರಜಾಲ ಜನಬಳಕೆಗೆ ಬರುವ ಮೊದಲೇ ನಡೆದ ಒಂದು ಪ್ರಸಂಗಕ್ಕೆ ಭಾರತವೇ ಆರಂಭದ ನೆಲೆಯಾಯಿತು. 1983ರ ಜುಲೈ ತಿಂಗಳಲ್ಲಿ ದೆಹಲಿಯ ‘ಪೇಟ್ರಿಯಟ್’ ಎಂಬ ಸೋವಿಯತ್ ಪರ ಒಲವಿನ ದಿನಪತ್ರಿಕೆ ಒಂದು ಅನಾಮಧೇಯ ಪತ್ರವನ್ನು ಪ್ರಕಟಿಸಿತು. ಬರೆದವರು ಅಮೆರಿಕದ ಹೆಸರಾಂತ ವಿಜ್ಞಾನಿ ಎಂದಷ್ಟೇ ಅದರಲ್ಲಿ ಸೂಚಿಸಲಾಗಿತ್ತು. ಏಡ್ಸ್ ರೋಗವನ್ನು ಮೇರಿಲ್ಯಾಂಡ್ ರಾಜ್ಯದ ಫೋರ್ಟ್ ಡೆಟ್ರಿಕ್‌ನಲ್ಲಿ ಅಮೆರಿಕದ ಸೇನೆಯೇ ಸೃಷ್ಟಿಸಿತು, ಇಂತಹ ಪ್ರಯೋಗಗಳನ್ನು ಇನ್ನು ಪಾಕಿಸ್ತಾನದಲ್ಲಿ ನಡೆಸಲಿದೆ ಎಂಬುದು ಪತ್ರದ ಸಾರ. ಭಾರತದಲ್ಲಿ ಎಚ್ಐವಿ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಚೆನ್ನೈಯಲ್ಲಿ. ಅಂದರೆ ರೋಗ ಕಾಣಿಸಿಕೊಳ್ಳುವ ಮೂರು ವರ್ಷ ಮೊದಲೇ ಅದರ ಕಾರಣದ ಕುರಿತ ಸುಳ್ಳು ಇಲ್ಲಿ ಅಚ್ಚಾಗಿತ್ತು.

ಎರಡು ವರ್ಷ ಈ ಪತ್ರವನ್ನು ಯಾರೂ ಹೆಚ್ಚಾಗಿ ಗಮನಿಸಲಿಲ್ಲ. 1985ರ ಅಕ್ಟೋಬರ್ 30ರಂದು ಮಾಸ್ಕೋದ ‘ಲಿತೆರತೂರ್ನಯಾ ಗಜೇತಾ’ ಪತ್ರಿಕೆಯು ದೆಹಲಿಯ ಪತ್ರಿಕೆಯನ್ನೇ ಆಧಾರವಾಗಿ ಉಲ್ಲೇಖಿಸಿ ಅದೇ ಆರೋಪವನ್ನು ಪುನಃ ಪ್ರಕಟಿಸಿತು. ಪೂರ್ವ ಬರ್ಲಿನ್‌ನ ನಿವೃತ್ತ ಜೀವಭೌತ ವಿಜ್ಞಾನಿ ಯಾಕೋಬ್ ಸೆಗಾಲ್ ಅದಕ್ಕೆ ವೈಜ್ಞಾನಿಕ ಪರಿಭಾಷೆಯ ಹೊದಿಕೆ ಒದಗಿಸಿದರು. ಅವರ ಬರಹ 1986ರಲ್ಲಿ ಹರಾರೆಯ ಅಲಿಪ್ತ ರಾಷ್ಟ್ರಗಳ ಶೃಂಗಸಭೆಯಲ್ಲಿ ಕಿರುಹೊತ್ತಗೆಯಾಗಿ ಹಂಚಿಕೆಯಾಯಿತು. 1987ರ ವೇಳೆಗೆ ಈ ಕಥೆ ಸುಮಾರು 80 ದೇಶಗಳಲ್ಲಿ, 30ರಷ್ಟು ಭಾಷೆಗಳಲ್ಲಿ ಕಾಣಿಸಿಕೊಂಡಿತ್ತು. ಅನಾಮಧೇಯ ಪತ್ರಕ್ಕೆ ಪತ್ರಿಕೆಯ ಹೆಸರು, ಅದಕ್ಕೆ ಇನ್ನೊಂದು ಪತ್ರಿಕೆಯ ಹೆಸರು, ಅದರ ಮೇಲೆ ವಿಜ್ಞಾನಿಯ ಹೆಸರು, ಹೀಗೆ ಒಂದೊಂದೇ ತಲೆಮಾರು ಸೇರಿ ಸುಳ್ಳಿಗೆ ಒಂದು ವಂಶಾವಳಿಯೇ ಸಿದ್ಧವಾಯಿತು. ವಂಶಾವಳಿಯ ಬುಡದಲ್ಲಿದ್ದ ಮೂಲಪುರುಷ ಯಾರೆಂದು ಕೇಳಿದವರು ವಿರಳ.

ಈ ಪ್ರಚಾರದ ಹಿಂದೆ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಇತ್ತು ಎಂಬುದಕ್ಕೆ ದಾಖಲೆಯಿದೆ. 1985ರ ಸೆಪ್ಟೆಂಬರ್ 7ರಂದು ಅದು ಬಲ್ಗೇರಿಯದ ಗುಪ್ತಚರ ಇಲಾಖೆಗೆ ಕಳುಹಿಸಿದ ಸಂದೇಶದಲ್ಲಿ, ಈ ರೋಗವು ಅಮೆರಿಕದ ರಹಸ್ಯ ಪ್ರಯೋಗಗಳ ಫಲವೆಂಬ ಅಭಿಪ್ರಾಯವನ್ನು ವಿದೇಶಗಳಲ್ಲಿ ಮೂಡಿಸಲು ತಾನು ಕೈಗೊಂಡಿರುವ ‘ಸಕ್ರಿಯ ಕ್ರಮ’ಗಳ ವಿಚಾರ ತಿಳಿಸಿತ್ತು. 1987ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಈ ಪ್ರಚಾರದ ಜಾಡನ್ನು ವಿವರಿಸುವ ವರದಿ ಹೊರಡಿಸಿತು. ಅದೇ ವರ್ಷದ ಕೊನೆಗೆ ಸೋವಿಯತ್ ವಿಜ್ಞಾನ ಅಕಾಡೆಮಿಯ ವಿಜ್ಞಾನಿಗಳೂ ಆರೋಪದಿಂದ ದೂರ ಸರಿದರು. 1992ರಲ್ಲಿ ರಷ್ಯಾದ ವಿದೇಶ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಯೆವ್ಗೆನಿ ಪ್ರಿಮಕೋವ್ ತಮ್ಮ ಹಿಂದಿನ ಸಂಸ್ಥೆಯ ಪಾತ್ರವನ್ನು ಒಪ್ಪಿಕೊಂಡರು.

ಒಪ್ಪಿಕೊಂಡ ಮಾತ್ರಕ್ಕೆ ಸುಳ್ಳು ಅಳಿಯಲಿಲ್ಲ. 2005ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಅಮೆರಿಕದ ಆಫ್ರಿಕನ್ ಮೂಲದವರಲ್ಲಿ ಸುಮಾರು ಅರ್ಧದಷ್ಟು ಜನ ಎಚ್ಐವಿ ಮಾನವನಿರ್ಮಿತವೆಂದು ನಂಬಿದ್ದರು. ಇಂತಹ ನಂಬಿಕೆಯುಳ್ಳ ಗಂಡಸರು ರಕ್ಷಣಾ ಸಾಧನಗಳನ್ನು ಬಳಸುವುದು ಕಡಿಮೆ ಎಂಬುದೂ ಕಂಡುಬಂದಿತು. ಇದಕ್ಕೆ ಕೆಜಿಬಿಯೊಂದನ್ನೇ ಹೊಣೆಯಾಗಿಸುವುದು ಸರಿಯಾಗದು. 1932ರಿಂದ 1972ರವರೆಗೆ ಅಲಬಾಮಾದ ಟಸ್ಕೆಗೀಯಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು ಸಿಫಿಲಿಸ್ ಪೀಡಿತ ಸುಮಾರು 400 ಮಂದಿ ಕಪ್ಪು ಜನಾಂಗದ ಗಂಡಸರನ್ನು ಚಿಕಿತ್ಸೆ ನೀಡದೆ ಗಮನಿಸುತ್ತ ಬಂದಿತ್ತು. ಫೋರ್ಟ್ ಡೆಟ್ರಿಕ್ ಕೂಡ 1969ರವರೆಗೆ ಜೈವಿಕ ಅಸ್ತ್ರಗಳ ಕೇಂದ್ರವೇ ಆಗಿತ್ತು. ಸುಳ್ಳು ಬೇರೂರಿದುದು ಈ ನಿಜದ ಮಣ್ಣಿನಲ್ಲಿ.

ಯಂತ್ರದ ಮೇಲಿನ ದಾಳಿ: ಎಸ್ತೋನಿಯಾ, 2007

ಒಂದು ರಾಷ್ಟ್ರದ ಗಣಕಜಾಲವನ್ನೇ ಗುರಿಯಾಗಿಸಿದ ದಾಳಿಯಾಗಿ ಎಸ್ತೋನಿಯಾದ ಪ್ರಸಂಗ ಪ್ರಸಿದ್ಧವಾಗಿದೆ. ಸರ್ಕಾರಿ ಸೇವೆಗಳನ್ನೂ ಬ್ಯಾಂಕ್ ವ್ಯವಹಾರವನ್ನೂ ಬಹಳ ಮೊದಲೇ ಅಂತರಜಾಲಕ್ಕೆ ಒಪ್ಪಿಸಿದ್ದ ದೇಶ ಅದು. 2007ರ ಏಪ್ರಿಲ್ ಕೊನೆಯಲ್ಲಿ ರಾಜಧಾನಿ ಟ್ಯಾಲಿನ್‌ನ ನಡುವೆ ಇದ್ದ ಸೋವಿಯತ್ ಯೋಧನ ಕಂಚಿನ ಪ್ರತಿಮೆಯನ್ನು ಸೈನಿಕರ ಸ್ಮಶಾನಕ್ಕೆ ಸ್ಥಳಾಂತರಿಸಲು ಸರ್ಕಾರ ಮುಂದಾಯಿತು. ಪ್ರತಿಮೆಯನ್ನು ಒಡೆಯಲಾಗುತ್ತಿದೆ, ಸಮಾಧಿಗಳನ್ನು ನಾಶಪಡಿಸಲಾಗುತ್ತಿದೆ ಎಂಬ ಸುಳ್ಳು ಸುದ್ದಿ ರಷ್ಯನ್ ಭಾಷಿಕರ ನಡುವೆ ಹರಡಿತು. ಗಲಭೆಯಾಗಿ ಒಂದು ಜೀವ ಹೋಯಿತು. ಬೆನ್ನಲ್ಲೇ ಸರ್ಕಾರದ, ಬ್ಯಾಂಕುಗಳ, ಪತ್ರಿಕೆಗಳ ಜಾಲತಾಣಗಳಿಗೆ ಅಸಂಖ್ಯ ಗಣಕಗಳಿಂದ ಏಕಕಾಲದಲ್ಲಿ ಹುಸಿ ಕೋರಿಕೆಗಳು ನುಗ್ಗಿ ಅವು ಸ್ಥಗಿತಗೊಂಡವು. ಸುಮಾರು ಮೂರು ವಾರ ಈ ದಾಳಿ ಬಿಟ್ಟುಬಿಟ್ಟು ನಡೆಯಿತು.

ಎಸ್ತೋನಿಯಾ ರಷ್ಯಾದತ್ತ ಬೆರಳು ತೋರಿತು, ರಷ್ಯಾ ನಿರಾಕರಿಸಿತು. 2008ರ ಜನವರಿಯಲ್ಲಿ ಎಸ್ತೋನಿಯಾದ ನ್ಯಾಯಾಲಯದಲ್ಲಿ ದಂಡ ತೆತ್ತವನು ಆ ದೇಶದವನೇ ಆದ ಒಬ್ಬ ವಿದ್ಯಾರ್ಥಿ ಮಾತ್ರ. ಬ್ಯಾಂಕುಗಳ ತಾಣಗಳು ಮತ್ತೆ ತೆರೆದುಕೊಂಡವು. ನ್ಯಾಟೋ ಒಕ್ಕೂಟವು 2008ರಲ್ಲಿ ಟ್ಯಾಲಿನ್‌ನಲ್ಲಿ ಸೈಬರ್ ರಕ್ಷಣಾ ಕೇಂದ್ರವನ್ನು ಸ್ಥಾಪಿಸಿತು. ಎಸ್ತೋನಿಯಾ ತನ್ನ ಮುಖ್ಯ ದಾಖಲೆಗಳ ಪ್ರತಿಗಳನ್ನು ಲಕ್ಸೆಂಬರ್ಗ್‌ನಲ್ಲಿ ಇರಿಸಲು 2017ರಲ್ಲಿ ಒಪ್ಪಂದ ಮಾಡಿಕೊಂಡಿತು. ಯಂತ್ರಕ್ಕೆ ಆದ ಹಾನಿಯನ್ನು ವಾರಗಳಲ್ಲಿ ಸರಿಪಡಿಸಬಹುದಾಯಿತೆಂಬುದೂ, ಮೂಲಪ್ರತಿಯನ್ನು ಸುರಕ್ಷಿತವಾಗಿ ಇರಿಸುವುದೇ ರಕ್ಷಣೆಯೆಂದು ಆ ದೇಶ ಕಂಡುಕೊಂಡಿತೆಂಬುದೂ ಇಲ್ಲಿ ಗಮನಾರ್ಹ.

ಬಂಧುಗಳ ನಂಬಿಕೆ: ಬೆಂಗಳೂರು, ಆಗಸ್ಟ್ 2012

ಮನಸ್ಸಿಗೆ ಆಗುವ ಹಾನಿಯನ್ನು ಅಷ್ಟು ಸುಲಭವಾಗಿ ಸರಿಪಡಿಸಲಾಗದೆಂಬುದಕ್ಕೆ ಕರ್ನಾಟಕದ ರಾಜಧಾನಿಯಲ್ಲಿಯೇ ನಿದರ್ಶನ ದೊರೆಯುತ್ತದೆ. 2012ರ ಜುಲೈನಲ್ಲಿ ಅಸ್ಸಾಮಿನ ಕೋಕ್ರಝಾರ್ ಮತ್ತು ಸುತ್ತಲಿನ ಪ್ರದೇಶಗಳಲ್ಲಿ ಬೋಡೋ ಜನರಿಗೂ ಬಂಗಾಳಿ ಭಾಷಿಕ ಮುಸ್ಲಿಮರಿಗೂ ನಡುವೆ ಹಿಂಸಾಚಾರ ನಡೆದು ಸುಮಾರು 4 ಲಕ್ಷ ಜನ ನಿರಾಶ್ರಿತರಾದರು. ಅದೇ ಕಾಲದಲ್ಲಿ ಮ್ಯಾನ್ಮಾರಿನ ರಖೈನ್ ಪ್ರಾಂತದಲ್ಲಿಯೂ ಹಿಂಸೆ ನಡೆದಿತ್ತು. ಈ ನಿಜವಾದ ಘಟನೆಗಳ ಜೊತೆಗೆ ಅವುಗಳಿಗೆ ಸಂಬಂಧವೇ ಇಲ್ಲದ ಚಿತ್ರಗಳು ಅಂತರಜಾಲದಲ್ಲಿ ಸುತ್ತಾಡಿದವು. ಒಂದು ಚಿತ್ರದಲ್ಲಿ ಶವಗಳ ಸಾಲಿನ ಮುಂದೆ ಬೌದ್ಧ ಭಿಕ್ಷುಗಳು ನಿಂತಿದ್ದರು. ಮ್ಯಾನ್ಮಾರಿನ ಹತ್ಯಾಕಾಂಡವೆಂದು ಅದರ ಕೆಳಗೆ ಬರೆಯಲಾಗಿತ್ತು. ವಾಸ್ತವದಲ್ಲಿ ಅದು 2010ರಲ್ಲಿ ಚೀನಾದ ಯೂಷು ಪ್ರದೇಶದ ಭೂಕಂಪದಲ್ಲಿ ಮಡಿದವರ ಅಂತ್ಯಕ್ರಿಯೆಗೆ ನೆರವಾದ ಟಿಬೆಟಿನ ಭಿಕ್ಷುಗಳ ಚಿತ್ರ. ಚಿತ್ರ ನೈಜ, ಬರಹ ಕೂಟ.

ಆಗಸ್ಟ್ 11ರಂದು ಮುಂಬೈನ ಆಜಾದ್ ಮೈದಾನದ ಪ್ರತಿಭಟನೆ ಹಿಂಸೆಗೆ ತಿರುಗಿತು. 14ರಂದು ಮೈಸೂರಿನಲ್ಲಿ ಒಬ್ಬ ಟಿಬೆಟನ್ ವಿದ್ಯಾರ್ಥಿಗೆ ಇರಿಯಲಾಯಿತು. ಆಗಸ್ಟ್ 20ರ ರಂಜಾನ್ ಹಬ್ಬಕ್ಕೆ ಮೊದಲು ಊರು ಬಿಡದಿದ್ದರೆ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯುವುದೆಂಬ ಕಿರುಸಂದೇಶಗಳು ಮೊಬೈಲ್ ಫೋನುಗಳಲ್ಲಿ ಹರಿದಾಡಿದವು. 15ರ ಸಂಜೆ ಬೆಂಗಳೂರು ನಗರ ರೈಲು ನಿಲ್ದಾಣದಲ್ಲಿ (ಇಂದಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ) ಸಾವಿರಾರು ಜನ ಗುವಾಹಟಿಯ ರೈಲಿಗಾಗಿ ಸೇರಿದರು. ಕಾವಲುಗಾರರು, ಹೋಟೆಲುಗಳ ಕೆಲಸಗಾರರು, ವಿದ್ಯಾರ್ಥಿಗಳು ಅವರಲ್ಲಿದ್ದರು. ಕೆಲವೇ ದಿನಗಳಲ್ಲಿ ಸುಮಾರು 30 ಸಾವಿರ ಜನ ನಗರ ತೊರೆದರು. ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಮತ್ತು ಗೃಹ ಖಾತೆ ಹೊಂದಿದ್ದ ಉಪಮುಖ್ಯಮಂತ್ರಿ ಆರ್. ಅಶೋಕ ಅಭಯ ನೀಡಿದರು. ಮುಸ್ಲಿಂ ಮುಖಂಡರೂ ಧೈರ್ಯ ಹೇಳಿದರು. ಸಂದೇಶಗಳು ಸಾರಿದ್ದ ಸಾಮೂಹಿಕ ದಾಳಿ ನಡೆಯಲೇ ಇಲ್ಲ.

ಈ ವದಂತಿ ಯಾವ ಪತ್ರಿಕೆಯ ಹೆಸರನ್ನೂ ಎರವಲು ಪಡೆಯಲಿಲ್ಲ. ಸಂದೇಶ ಬಂದುದು ಗೆಳೆಯನಿಂದ, ಸಹೋದ್ಯೋಗಿಯಿಂದ, ಊರಿನಲ್ಲಿದ್ದ ತಾಯಿಯಿಂದ. ಹೆತ್ತವರು ಹೇಳಿದ ಮಾತಿಗೆ ಸಾಕ್ಷ್ಯ ಕೇಳುವ ರೂಢಿ ಯಾವ ಸಮಾಜದಲ್ಲಿಯೂ ಇಲ್ಲ. ನಿಲ್ದಾಣದ ಜನಸಂದಣಿಯನ್ನು ದೂರದರ್ಶನ ವಾಹಿನಿಗಳಲ್ಲಿ ಕಂಡ ಅಸ್ಸಾಮಿನ ಮನೆಗಳಿಂದ ಮತ್ತಷ್ಟು ಕರೆಗಳು ಬಂದವು. ಜನರ ಅನುಕೂಲಕ್ಕೆಂದು ಬಿಟ್ಟ ವಿಶೇಷ ರೈಲುಗಳೇ ಅಪಾಯ ನಿಜವೆಂಬುದಕ್ಕೆ ಪುರಾವೆಯಂತೆ ಕಂಡವು. ಈಶಾನ್ಯದವರು ಇತರ ನಗರಗಳಲ್ಲಿ ಅನುಭವಿಸುತ್ತಿದ್ದ ತಾರತಮ್ಯವೂ ಹಿನ್ನೆಲೆಯಲ್ಲಿ ಇತ್ತು. ಕೇಂದ್ರ ಗೃಹ ಸಚಿವಾಲಯವು ಆ ಸಮಸ್ಯೆಯ ಅಧ್ಯಯನಕ್ಕೆ ಬೆಜ್‌ಬರುವಾ ಸಮಿತಿಯನ್ನು ನೇಮಿಸಿದುದು 2014ರಲ್ಲಿ.

ಸರ್ಕಾರದ ಕ್ರಮಗಳನ್ನೂ ಪರಿಶೀಲಿಸಬೇಕು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಸಗಟು ಕಿರುಸಂದೇಶಗಳನ್ನು ನಿಷೇಧಿಸಿ, ಒಂದು ಸಂಖ್ಯೆಯಿಂದ ದಿನಕ್ಕೆ 5 ಸಂದೇಶಗಳ ಮಿತಿ ವಿಧಿಸಿತು. ಮುಂದೆ ಅದನ್ನು 20ಕ್ಕೆ ಏರಿಸಲಾಯಿತು. ಕೂಟಚಿತ್ರಗಳಲ್ಲಿ ಬಹುಪಾಲು ಪಾಕಿಸ್ತಾನದಿಂದ ಬಂದವೆಂದು ಗೃಹ ಕಾರ್ಯದರ್ಶಿ ಆರ್.ಕೆ. ಸಿಂಗ್ ಹೇಳಿದರು, ಪಾಕಿಸ್ತಾನ ಸಾಕ್ಷ್ಯ ಕೇಳಿತು. ಆ ವಾರ ಅಂತರಜಾಲದಲ್ಲಿ ತಡೆಹಿಡಿಯಲಾದ 309 ಪುಟ, ಖಾತೆ, ಚಿತ್ರಾದಿಗಳ ಪಟ್ಟಿಯನ್ನು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಸಂಸ್ಥೆ ವಿಶ್ಲೇಷಿಸಿದಾಗ, ವದಂತಿಗಳನ್ನು ಅಲ್ಲಗಳೆದ ಬರಹಗಳೂ ಅದರಲ್ಲಿ ಸೇರಿದ್ದುದು ತಿಳಿಯಿತು. ಮದ್ದನ್ನೂ ರೋಗದೊಡನೆ ಹೂತಂತಾಯಿತು.

ಇತಿಹಾಸಕಾರರಿಗೆ ಇನ್ನೊಂದು ತೊಡಕಿದೆ. 1985ರ ಕೆಜಿಬಿ ಸಂದೇಶ ಸೋಫಿಯಾದ ಕಡತಗಳಲ್ಲಿ ಉಳಿದಿತ್ತು. ಆದ್ದರಿಂದ ಆ ಸುಳ್ಳಿನ ಮೂಲವನ್ನು ಇಂದು ಖಚಿತವಾಗಿ ಹೇಳಬಲ್ಲೆವು. ಬೆಂಗಳೂರನ್ನು ನಡುಗಿಸಿದ ಕಿರುಸಂದೇಶಗಳು ಆ ಕಾಲದ ಹಳೆಯ ಫೋನುಗಳೊಡನೆಯೇ ಮರೆಯಾದವು. ಮೂವತ್ತು ಸಾವಿರ ಜನರನ್ನು ಹೊರಡಿಸಿದ ಪಠ್ಯಗಳ ಒಂದು ಸಮಗ್ರ ಸಂಗ್ರಹ ನಮ್ಮ ಯಾವ ಗ್ರಂಥಾಲಯದ ಕಪಾಟಿನಲ್ಲಿಯೂ ಓದುಗರಿಗೆ ಎದುರಾಗುವುದಿಲ್ಲ.

ಶತ್ರುರಾಷ್ಟ್ರದ ಕೈವಾಡವಿಲ್ಲದೆಯೂ ಇದೇ ವಿಧಾನ ಜೀವ ತೆಗೆಯಬಲ್ಲದು. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವಿಗಾಗಿ ತಯಾರಿಸಿದ ಒಂದು ಕಿರುಚಿತ್ರದಲ್ಲಿ, ಅಪಹರಣದ ಅಭಿನಯದ ನಂತರ ಮಗುವನ್ನು ಮರಳಿ ತಂದು ಸಂದೇಶ ನೀಡುವ ಭಾಗವಿತ್ತು. ಕೊನೆಯ ಆ ಭಾಗವನ್ನು ಕತ್ತರಿಸಿದ ಪ್ರತಿ ಭಾರತದಲ್ಲೆಲ್ಲ ವಾಟ್ಸಾಪ್ ಮೂಲಕ ಹರಡಿತು. ಮಕ್ಕಳ ಕಳ್ಳರ ಕುರಿತ ಇಂತಹ ವದಂತಿಗಳ ನಡುವೆ 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೊರಊರಿನವರನ್ನು ಗುಂಪು ಹೊಡೆಯಿತು. ಹೈದರಾಬಾದಿನ ಒಬ್ಬ ಯುವಕ ಸತ್ತನು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ರವಾನಿಸುವ ಮಿತಿ ತಂದಿತು. ಆರು ವರ್ಷಗಳ ಹಿಂದೆ ಸರ್ಕಾರ ಆಯ್ದ ಸಂಖ್ಯೆಯೂ ಐದೇ ಆಗಿತ್ತು. ಎರಡು ಕ್ರಮಗಳೂ ವೇಗವನ್ನು ತಗ್ಗಿಸಬಲ್ಲವಾಗಿದ್ದವು. ಸಂದೇಶದ ಮೂಲ ಯಾವುದೆಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿರಲಿಲ್ಲ.

ಕದ್ದ ದಾಖಲೆ, ಪ್ರಕ್ಷಿಪ್ತ ಪಾಠ: 2016–2017

ಸೈಬರ್ ದಾಳಿಯೂ ಸುಳ್ಳು ಮಾಹಿತಿಯೂ ಒಂದಾದುದು 2016ರ ಪ್ರಸಂಗಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಮೆರಿಕದ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯ ಸುಮಾರು 20 ಸಾವಿರ ಮಿಂಚಂಚೆಗಳನ್ನು ವಿಕಿಲೀಕ್ಸ್ ಅದೇ ವರ್ಷದ ಜುಲೈ 22ರಂದು ಪ್ರಕಟಿಸಿತು. ಅವುಗಳನ್ನು ಕದ್ದವರು ರಷ್ಯಾದ ಸೇನಾ ಗುಪ್ತಚರ ವಿಭಾಗದವರೆಂದು 2018ರ ಜುಲೈನಲ್ಲಿ ಅಮೆರಿಕವು 12 ಅಧಿಕಾರಿಗಳ ಮೇಲೆ ದೋಷಾರೋಪ ಹೊರಿಸಿತು. ರಷ್ಯಾ ಇದನ್ನು ಅಲ್ಲಗಳೆದಿದೆ. ಇಲ್ಲಿ ದಾಖಲೆಗಳು ನೈಜ. ಕದಿಯುವ, ಆಯ್ದ ಹೊತ್ತಿಗೆ ಹೊರಬಿಡುವ ಕ್ರಿಯೆಯಲ್ಲಿ ಸಮರನೀತಿ ಇತ್ತು.

ಇದಕ್ಕಿಂತ ಸೂಕ್ಷ್ಮವಾದ ನಿದರ್ಶನವನ್ನು ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2017ರ ಮೇ ತಿಂಗಳಲ್ಲಿ ಬಯಲಿಗೆ ತಂದಿತು. ಗೂಗಲ್‌ನ ಭದ್ರತಾ ಎಚ್ಚರಿಕೆಯಂತೆ ಕಾಣುವ ಹುಸಿ ಮಿಂಚಂಚೆಯ ಮೂಲಕ ಪತ್ರಕರ್ತ ಡೇವಿಡ್ ಸ್ಯಾಟರ್ ಅವರ ಖಾತೆಗೆ ಕನ್ನ ಹಾಕಲಾಗಿತ್ತು. ಅಲ್ಲಿ ದೊರೆತ ಒಂದು ವರದಿಯಲ್ಲಿ ಅವರ ಯೋಜನೆಗೆ ಸೇರಿದ ಲೇಖನಗಳ ಪಟ್ಟಿ ಇತ್ತು. ಆ ಪಟ್ಟಿಗೆ ಬೇರೆಯವರ ಲೇಖನಗಳನ್ನು ಸೇರಿಸಿ, ರಷ್ಯಾದ ಸರ್ಕಾರವನ್ನು ಟೀಕಿಸುವ ಬರಹಗಳಿಗೆಲ್ಲ ವಿದೇಶಿ ಹಣ ಸಲ್ಲುತ್ತಿದೆಯೆಂಬ ಅರ್ಥ ಬರುವಂತೆ ತಿದ್ದಿ ಪ್ರಕಟಿಸಲಾಯಿತು. ನಮ್ಮ ಗ್ರಂಥಸಂಪಾದನಾ ಶಾಸ್ತ್ರದ ಪರಿಭಾಷೆಯಲ್ಲಿ ಇದು ಪ್ರಕ್ಷೇಪ. ಹಳೆಯ ಕಾವ್ಯದ ನೈಜ ಪದ್ಯಗಳ ನಡುವೆ ಲಿಪಿಕಾರ ತನ್ನ ಪದ್ಯವನ್ನು ತೂರಿಸಿದರೆ ಸುತ್ತಲಿನ ಪದ್ಯಗಳೇ ಅದಕ್ಕೆ ಜಾಮೀನು ನಿಲ್ಲುತ್ತವೆ. ಪ್ರಕ್ಷೇಪ ಪತ್ತೆಯಾದುದು ಸಂಪಾದಕರಿಗೆ ಪರಿಚಿತವಾದ ಕ್ರಮದಿಂದಲೇ: ಮೂಲಪ್ರತಿಯೊಡನೆ ಪಾಠಾಂತರವನ್ನು ಹೋಲಿಸಿ.

ಮುಖದ ನಂಬಿಕೆ: 2022

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಆಕ್ರಮಣ ಆರಂಭಿಸಿತು. ಮಾರ್ಚ್ 16ರಂದು ಉಕ್ರೇನಿನ ಒಂದು ದೂರದರ್ಶನ ವಾಹಿನಿಗೆ ಕನ್ನ ಹಾಕಲಾಯಿತು. ಅಧ್ಯಕ್ಷ ವೊಲೊದಿಮಿರ್ ಜೆಲೆನ್‌ಸ್ಕಿ ತಮ್ಮ ಸೈನಿಕರಿಗೆ ಶಸ್ತ್ರ ಕೆಳಗಿಡಲು ಹೇಳುತ್ತಿರುವಂತೆ ಕೃತಕವಾಗಿ ರಚಿಸಿದ ಚಲಚ್ಚಿತ್ರ ಹರಡಿತು. ಡೀಪ್‌ಫೇಕ್ ಎಂದು ಕರೆಯಲಾಗುವ ಈ ತಂತ್ರ ವ್ಯಕ್ತಿಯ ಮುಖವನ್ನೂ ಧ್ವನಿಯನ್ನೂ ಎರವಲು ಪಡೆಯುತ್ತದೆ. ಆದರೆ ಇಲ್ಲಿ ಅದು ಫಲಿಸಲಿಲ್ಲ. ಇಂತಹದೊಂದು ಬರಬಹುದೆಂದು ಉಕ್ರೇನ್ ಸರ್ಕಾರ ಎರಡು ವಾರ ಮೊದಲೇ ತನ್ನ ಜನರಿಗೆ ಎಚ್ಚರಿಕೆ ನೀಡಿತ್ತು. ಅಧ್ಯಕ್ಷರೂ ಕೂಡಲೇ ತಮ್ಮದೇ ಚಲಚ್ಚಿತ್ರದ ಮೂಲಕ ಅದನ್ನು ಅಲ್ಲಗಳೆದರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯ ವಿವೇಕವನ್ನು ಒಂದು ಸರ್ಕಾರ ಯುದ್ಧಕಾಲದಲ್ಲಿ ಆಚರಣೆಗೆ ತಂದ ಸಂದರ್ಭವಿದು.

ಸಮಾರೋಪ

ಮೇಲಿನ ಪ್ರಸಂಗಗಳಲ್ಲಿ ಎರವಲು ಪಡೆದ ನಂಬಿಕೆಯ ನೆಲೆ ಪ್ರತಿ ಬಾರಿಯೂ ಬೇರೆ: ಪತ್ರಿಕೆ, ಬಂಧುಬಳಗ, ನೈಜ ದಾಖಲೆ, ಕೊನೆಗೆ ಮನುಷ್ಯನ ಮುಖ. ಒಂದೊಂದು ನೆಲೆಯೂ ಹಿಂದಿನದಕ್ಕಿಂತ ನಮಗೆ ಹತ್ತಿರವಾದುದು. ಎರಡು ವರ್ಷ ಸುಪ್ತವಾಗಿದ್ದು ನಂತರ ಹಬ್ಬಿದ ದೆಹಲಿಯ ಪತ್ರಕ್ಕೂ, ಒಂದೆರಡು ದಿನಗಳಲ್ಲಿ ನಿಲ್ದಾಣವನ್ನು ತುಂಬಿಸಿದ ಕಿರುಸಂದೇಶಕ್ಕೂ ವೇಗದಲ್ಲಿ ಅಗಾಧ ಅಂತರವಿದೆ. ಕೇಳಬೇಕಾದ ಪ್ರಶ್ನೆಗಳು ಮಾತ್ರ ಒಂದೇ: ಇದರ ಮೂಲಪ್ರತಿ ಎಲ್ಲಿದೆ, ಕಾಲ ದೇಶಗಳು ಹೊಂದುತ್ತವೆಯೇ, ಸ್ವತಂತ್ರ ಸಾಕ್ಷ್ಯವಿದೆಯೇ, ಪ್ರಯೋಜನ ಯಾರಿಗೆ.

ಅತಿಯಾದ ಸಂಶಯವೂ ಅಪಾಯಕಾರಿ. ಫ್ಲೀಟ್ ಅವರು ಶಂಕಿಸಿದ ಗಂಗ ಶಾಸನಗಳಲ್ಲಿ ಕೆಲವನ್ನು ಮುಂದಿನ ವಿದ್ವಾಂಸರು ನೈಜವೆಂದು ಒಪ್ಪಿದ್ದಾರೆ. ಯಾವುದನ್ನೂ ನಂಬಲಾಗದೆಂಬ ಮನೋಭಾವ ಬೆಳೆದರೆ, ನಿಜವಾದ ಚಿತ್ರದಲ್ಲಿ ಸಿಕ್ಕಿಬಿದ್ದ ತಪ್ಪಿತಸ್ಥನೂ ಅದು ಕೃತಕವೆಂದು ಹೇಳಿ ಪಾರಾಗುತ್ತಾನೆ. ಸುಳ್ಳನ್ನು ನಂಬುವಂತೆ ಮಾಡಲಾಗದಿದ್ದರೂ ನಿಜವನ್ನು ನಂಬದಂತೆ ಮಾಡಿದರೆ ಮಾಹಿತಿ ಸಮರ ಹೂಡಿದವರಿಗೆ ಅಷ್ಟೇ ಸಾಕು. ಅಲ್ಲದೆ, ಟಸ್ಕೆಗೀಯ ಅನ್ಯಾಯ, ಈಶಾನ್ಯದವರ ಅಭದ್ರತೆಗಳಂತಹ ನಿಜವಾದ ಗಾಯಗಳು ಮಾಯದೆ ಇರುವವರೆಗೆ ಗಣಕ ತಂತ್ರಜ್ಞಾನದ ಯಾವ ಉಪಾಯವೂ ಪೂರ್ಣ ಫಲ ಕೊಡಲಾರದು.

ಗ್ರಂಥಾಲಯಗಳಿಗೂ ದಾಖಲೆ ಸಂಸ್ಥೆಗಳಿಗೂ ಇಲ್ಲಿ ಒಂದು ಹೊಣೆಯಿದೆ. ಅಳಿಸಿಹೋಗುವ ಮುನ್ನ ವದಂತಿಯ ಪಠ್ಯ, ಚಿತ್ರ, ಅದು ದೊರೆತ ದಿನಾಂಕ, ಬಂದ ಮಾರ್ಗ, ಅದನ್ನು ಅಲ್ಲಗಳೆದ ಬರಹ ಇವನ್ನೆಲ್ಲ ಖಾಸಗಿ ವ್ಯಕ್ತಿಗಳ ಗುರುತು ಮರೆಮಾಡಿ ಒಟ್ಟಿಗೆ ಸಂಗ್ರಹಿಸಿಡುವ ಕ್ರಮ ರೂಪುಗೊಳ್ಳಬೇಕು. ನಮ್ಮ ಶಾಸನತಜ್ಞರು ಕೂಟಶಾಸನವೆಂದು ತೀರ್ಮಾನಿಸಿದ ತಾಮ್ರಪಟವನ್ನು ಕರಗಿಸಲಿಲ್ಲ. ಅದರ ಪಾಠವನ್ನು ಪ್ರಕಟಿಸಿದರು, ಕೂಟವೆಂದು ಏಕೆ ಭಾವಿಸಿದರೆಂಬುದನ್ನು ಬರೆದಿಟ್ಟರು, ಮುಂದಿನವರು ಮತ್ತೆ ಪರೀಕ್ಷಿಸಲೆಂದು ಪಟವನ್ನು ಉಳಿಸಿದರು. 2012ರ ಆಗಸ್ಟ್ ತಿಂಗಳ ಬೆಂಗಳೂರಿನ ಚರಿತ್ರೆಯನ್ನು ಬರೆಯಹೊರಡುವ ಮುಂದಿನ ಸಂಶೋಧಕರಿಗೆ ಅಷ್ಟನ್ನಾದರೂ ಒದಗಿಸುವ ಕೆಲಸ, ಅಂದು ನಿಲ್ದಾಣದಲ್ಲಿ ನಿಂತಿದ್ದವರ ನೆನಪುಗಳು ಮಸುಕಾಗುವ ಮೊದಲೇ ಆರಂಭವಾಗಬೇಕಾಗಿದೆ.